ನಲವತ್ತು ನಿಮಿಷ

ಕಾರ್ಖಾನೆ ಕ್ವಾರ್ಟರ್ಸ್, ಹೊಳಲ್ಕೆರೆ ರಸ್ತೆ
4 ನವೆಂಬರ್ 1988

ಮುರುಗಪ್ಪ,

ಕ್ಷೇಮ ಕೇಳುವುದಿಲ್ಲ. ನೀನು ಕ್ಷೇಮವಾಗಿಯೇ ಇದ್ದೀಯ ಎಂಬುದು ನಿನ್ನ ವರದಿಯಿಂದ ಗೊತ್ತಾಯಿತು. ಎಂಟು ಪುಟ, ನೀಟಾಗಿ ಟೈಪು ಮಾಡಿಸಿದ್ದೀಯ. ನಿನ್ನೆ ಮ್ಯಾನೇಜರು ಕರೆದು ಅದರ ಪ್ರತಿಯನ್ನೂ ನನ್ನ ಅಮಾನತಿನ ಆದೇಶವನ್ನೂ ಒಂದೇ ಪಿನ್ನು ಚುಚ್ಚಿ ಕೈಗೆ ಕೊಟ್ಟರು. ಆರನೇ ಪುಟವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. "ಕಿಲ್ನ್ ಬರ್ನರ್ ಗುಡ್ಡಪ್ಪನವರು ಕಾರಣವಿಲ್ಲದೆ ವ್ಯವಸ್ಥೆಯನ್ನು ಸ್ವಯಂಚಾಲನೆಯಿಂದ ಬಿಡಿಸಿ ತಮ್ಮ ಕೈಗೆ ತೆಗೆದುಕೊಂಡದ್ದೇ ಅವಘಡಕ್ಕೆ ಮೂಲ."

ಕಾರಣವಿಲ್ಲದೆ! ಆ ಪದ ಟೈಪು ಮಾಡಿಸುವಾಗ ನಿನಗೆ ನಾಚಿಕೆಯಾಗಲಿಲ್ಲವೇನೋ?

ಆಯುಧಪೂಜೆಯ ದಿನ ಮಧ್ಯಾಹ್ನ ಏನಾಯಿತು ಅಂತ ಹೇಳುತ್ತೇನೆ, ಕೇಳು. ನೀನು ಪೂಜೆ ಮುಗಿಸಿ, ಪ್ರಸಾದದ ಪೊಟ್ಟಣ ತಗೊಂಡು ಜೀಪು ಹತ್ತಿ ದುರ್ಗಕ್ಕೆ ಹೋದೆ. ಪ್ಯಾನಲ್ಲಿನ ಮುಂದೆ ನಾನಿದ್ದೆ. ಸಿಮೆಂಟಿನ ಕಲ್ಲು ಬೇಯಿಸುವ ನಮ್ಮ ಕಿಲ್ನ್ ಕುಲುಮೆ ತನ್ನ ಪಾಡಿಗೆ ತಿರುಗುತ್ತಿತ್ತು. ಹನ್ನೆರಡೂವರೆಯಿಂದ ನಿನ್ನ ಪೈರೋಮೀಟರು, ಅದೇ ಬೆಂಕಿಯ ಶಾಖ ಅಳೆಯುತ್ತದೆ ಎಂದು ನೀನು ತಂದು ನಿಲ್ಲಿಸಿದೆಯಲ್ಲ ಆ ದುರ್ಬೀನು, "ತಣ್ಣಗಾಗುತ್ತಿದೆ, ತಣ್ಣಗಾಗುತ್ತಿದೆ" ಎಂದು ತೋರಿಸತೊಡಗಿತು. ತಣ್ಣಗಿದೆ ಎಂದು ನೀನು ಕೂರಿಸಿದ ಸ್ವಯಂಚಾಲನೆಯ ಯಂತ್ರ ಕಲ್ಲಿದ್ದಲು ಹೆಚ್ಚಿಸಿತು. ಇನ್ನೂ ತಣ್ಣಗಿದೆ ಎಂದು ಇನ್ನೂ ಹೆಚ್ಚಿಸಿತು. ಎರಡು ಗಂಟೆಗೆ ನಾನು ನೀಲಿ ಗಾಜು ಹಿಡಿದು ಕಿಂಡಿಯಲ್ಲಿ ನೋಡಿದೆ. ಒಳಗೆ ಬೆಂಕಿ ಮಿತಿಮೀರಿ ಕಾದು ಬೆಳ್ಳಗೆ ಉರಿಯುತ್ತಿತ್ತು. ಕಲ್ಲು ಪಾಕದ ಹಾಗೆ ಇಳಿಯುತ್ತಿತ್ತು.

ಆಗಲೇ ಸ್ವಯಂಚಾಲನೆಯಿಂದ ಬಿಡಿಸಬೇಕಿತ್ತು. ಬಿಡಿಸಲಿಲ್ಲ. ಪ್ಯಾನಲ್ಲಿನ ಮೇಲೆ ನೀನೇ ಬರೆದುಕೊಟ್ಟು ಮ್ಯಾನೇಜರ ಸಹಿ ಹಾಕಿಸಿದ ನೋಟೀಸು ಅಂಟಿಸಿತ್ತು: ಸ್ವಯಂಚಾಲನೆಯಲ್ಲಿರುವಾಗ ಕೈ ಹಾಕಿದವರ ಮೇಲೆ ಕ್ರಮ. ಸೆಪ್ಟೆಂಬರಿನಲ್ಲಿ ಒಮ್ಮೆ ಕೈ ಹಾಕಿ ಮೆಮೋ ತಿಂದವನು ನಾನು. ಎರಡು ಗಂಟೆಯಿಂದ ಎರಡು ನಲವತ್ತರವರೆಗೆ ನೋಟೀಸನ್ನೂ ಬೆಂಕಿಯನ್ನೂ ನೋಡುತ್ತ ನಿಂತೆ. ಆಮೇಲೆ ತಡೆಯಲಾಗಲಿಲ್ಲ, ಬಿಡಿಸಿದೆ, ಕಲ್ಲಿದ್ದಲು ಇಳಿಸಿದೆ. ಅಷ್ಟರಲ್ಲಿ ಕರಗಿ ಅಂಟಿಕೊಂಡ ಹೆಂಟೆ, ಬೆಂದ ಕಲ್ಲನ್ನು ಆರಿಸುವ ಕೂಲರಿನ ಬಾಯಿಗೆ ಬಿದ್ದು ಕೂತಿತ್ತು. ಕಬ್ಬಿಣದ ಸಲಾಕೆ ಹಾಕಿ ಅದನ್ನು ಒಡೆಯಲು ಹೋದವನು ಕಾಟಲಿಂಗಪ್ಪ. ಬಾಗಿಲಿನಿಂದ ಬೆಂಕಿ ಹೊರಕ್ಕೆ ನುಗ್ಗಿತು. ಎರಡೂ ಕೈ, ಮುಖದ ಎಡಭಾಗ.

ಕಾಟಲಿಂಗಪ್ಪ ನನ್ನ ಸಹಾಯಕ ಅಂತ ಮಾತ್ರ ಬರೆದಿದ್ದೀಯ. ಅವನು ನನ್ನ ತಂಗಿಯ ಗಂಡ ಎಂಬುದು ನಿನಗೆ ಗೊತ್ತಿಲ್ಲವೇ? ತಿಪ್ಪಕ್ಕನ ಮದುವೆಯಲ್ಲಿ ನೀರು ಬಡಿಸಿದವನು ನೀನಲ್ಲವೇ? ನಿನ್ನ ವರದಿಯಲ್ಲಿ ಏನಿದೆ ಎಂದು ಯಾರೋ ಪುಣ್ಯಾತ್ಮರು ಆಸ್ಪತ್ರೆಯಲ್ಲಿ ಅವಳಿಗೆ ಹೇಳಿದ್ದಾರೆ. ನಾನು ಹೋದರೆ ಗೋಡೆಯ ಕಡೆ ತಿರುಗಿ ಕೂರುತ್ತಾಳೆ. ಅವಘಡವಾದ ದಿನದಿಂದ, ಹದಿನಾರು ದಿನವಾಯಿತು, ನನ್ನ ಜೊತೆ ಒಂದು ಮಾತಿಲ್ಲ. ಕೆಲಸ ಹೋದರೆ ಕೂಲಿ ಮಾಡಿ ತಿಂದೇನು. ಒಡಹುಟ್ಟಿದವಳು ನನ್ನನ್ನು ಗಂಡನ ಕೈ ಸುಟ್ಟವನು ಅಂದುಕೊಂಡರೆ ನಾನು ಎಲ್ಲಿ ಹೋಗಲಿ?

ಜನವರಿ ಇಪ್ಪತ್ತಕ್ಕೆ ವಿಚಾರಣೆ. ಅದರೊಳಗೆ ಆ ಆರನೇ ಪುಟ ತಿದ್ದು.

ಗುಡ್ಡಪ್ಪ


ಚಿತ್ರದುರ್ಗ
12 ನವೆಂಬರ್ 1988

ಶ್ರೀ ಗುಡ್ಡಪ್ಪನವರಿಗೆ,

ನಿಮ್ಮ ಪತ್ರ ತಲುಪಿತು. ವಿಚಾರಣೆ ನಡೆಯುತ್ತಿರುವಾಗ ವರದಿ ಬರೆದವನಿಗೆ ಹೀಗೆ ಪತ್ರ ಬರೆಯುವುದು ಸರಿಯಲ್ಲ. ಆದರೂ ಹಳೆಯ ಪರಿಚಯಕ್ಕಾಗಿ ಒಮ್ಮೆ ಉತ್ತರಿಸುತ್ತಿದ್ದೇನೆ.

ಕಿಲ್ನಿಗೆ ಐದು ಹಿಡಿಕೆಗಳಿವೆ: ಕಲ್ಲಿದ್ದಲು, ಕಲ್ಲಿನ ಪುಡಿ, ಕಿಲ್ನ್ ತಿರುಗುವ ವೇಗ, ಗಾಳಿ ಎಳೆಯುವ ಫ್ಯಾನು, ಕೂಲರು. ಒಂದನ್ನು ಮುಟ್ಟಿದರೆ ಉಳಿದ ನಾಲ್ಕೂ ಅಲುಗುತ್ತವೆ. ನಿಮ್ಮ ಕಾಲದಲ್ಲಿ ಒಂದು ಸರಿಮಾಡಲು ಹೋಗಿ ಇನ್ನೊಂದು ಕೆಟ್ಟು, ಪಾಳಿಗೊಮ್ಮೆ ಒದ್ದಾಡುತ್ತಿದ್ದಿರಿ. ಐದನ್ನೂ ಒಟ್ಟಿಗೆ, ಒಂದರ ಪರಿಣಾಮ ಇನ್ನೊಂದರ ಮೇಲೆ ಎಷ್ಟೆಂದು ಅಳೆದು ನಡೆಸುವ ವ್ಯವಸ್ಥೆ ಮಾಡಲು ನನಗೆ ಹದಿನೆಂಟು ತಿಂಗಳು ಹಿಡಿಯಿತು. ಅಂದುಕೊಂಡಂತೆ ಎಲ್ಲವೂ ಇರುವುದಿಲ್ಲ ಎಂದು ತಿಳಿದೇ ಮಾಡಿದ್ದು. ಒದ್ದೆ ಕಲ್ಲಿದ್ದಲು ಬಂದರೆ, ಕರೆಂಟು ಕುಸಿದರೆ, ಕಲ್ಲಿನ ಸುಣ್ಣದಂಶ ಏರುಪೇರಾದರೆ, ತಂತಿ ಕಡಿದು ಒಂದು ಮಾಪಕ ತಟ್ಟನೆ ಸತ್ತರೆ, ಹೀಗೆ ಅರವತ್ತೆರಡು ಕೆಡುಕುಗಳ ಪಟ್ಟಿ ಮಾಡಿ, ಒಂದೊಂದನ್ನೂ ಕೊಟ್ಟು ಪರೀಕ್ಷಿಸಿದೆ. ಅರವತ್ತೆರಡಕ್ಕೂ ಅದು ಜಗ್ಗಲಿಲ್ಲ.

ನೀವು ಎರಡು ನಲವತ್ತಕ್ಕೆ ಅದನ್ನು ಬಿಡಿಸಿದಿರಿ. ಕಲ್ಲಿದ್ದಲು ಇಳಿಸಿದಿರಿ, ಫ್ಯಾನಿನ ಕಡೆ ನೋಡಲಿಲ್ಲ. ಒಳಗಿನ ಒತ್ತಡ ಹೊರಮುಖವಾಯಿತು. ಎರಡು ಐವತ್ತೆರಡಕ್ಕೆ ಬೆಂಕಿ ಹೊರಗೆ ಬಂತು. ಹನ್ನೆರಡು ನಿಮಿಷ. ಇದು ನಾನು ಹೇಳುತ್ತಿರುವುದಲ್ಲ, ಚಾರ್ಟಿನ ಮೇಲೆ ಶಾಯಿಯಲ್ಲಿ ಗೆರೆ ಬಿದ್ದಿದೆ. ಸ್ವಯಂಚಾಲನೆಯಲ್ಲಿ ಇದ್ದಷ್ಟು ಹೊತ್ತು ಯಾರಿಗೂ ಏನೂ ಆಗಿರಲಿಲ್ಲ.

ಕಾಟಲಿಂಗಪ್ಪನವರ ಬಗ್ಗೆ ನನಗೆ ದುಃಖವಿದೆ. ಆದರೆ ಚಾರ್ಟಿಗೆ ನೆಂಟಸ್ತನ ಗೊತ್ತಿಲ್ಲ.

ಮುರುಗಪ್ಪ
ಉಪನ್ಯಾಸಕ ಮತ್ತು ತಾಂತ್ರಿಕ ಸಲಹೆಗಾರ


ಕ್ವಾರ್ಟರ್ಸ್
20 ನವೆಂಬರ್ 1988

ಮಹಾಸ್ವಾಮಿ ಉಪನ್ಯಾಸಕರಾದ ಮುರುಗಪ್ಪನವರ ಪಾದಗಳಿಗೆ,

ಶ್ರೀ ಅಂತೆ, ನವರಿಗೆ ಅಂತೆ, ನೀವು ಅಂತೆ! ಐಮಂಗಲದ ಹೈವೇ ಮೋರಿಯ ಮೇಲೆ ಕೂತು ಪುಣೆ ಕಡೆ ಹೋಗುವ ಲಾರಿ ಎಣಿಸುವಾಗ ನಾನು ಯಾವ ಶ್ರೀ ಆಗಿದ್ದೆನಪ್ಪಾ? ನಿನ್ನಪ್ಪ ಅಂಗಡಿಯಲ್ಲಿ ಹೊಡೆದು ಓಡಿಸಿದಾಗ ನಮ್ಮ ಹಟ್ಟಿಯ ಕಂಬಳಿಯೊಳಗೆ ಬಂದು ಅಡಗುತ್ತಿದ್ದವನು ಯಾವ ನೀವು?

ಹೋದ ವರ್ಷ ಬೇಸಿಗೆಯಲ್ಲಿ ಎರಡು ತಿಂಗಳು ನನ್ನ ಮನೆಯಲ್ಲೇ ಉಂಡೆ. ನನ್ನ ಪಾಳಿಗೆಲ್ಲ ಬಂದು ನೋಟುಬುಕ್ಕು ಹಿಡಿದು ಪಕ್ಕದಲ್ಲಿ ನಿಂತೆ. "ಈಗ ಏನು ಕಂಡೆ, ಯಾಕೆ ವೇಗ ಇಳಿಸಿದೆ, ಈ ಹಳದಿಗೂ ಆ ಹಳದಿಗೂ ಏನು ವ್ಯತ್ಯಾಸ" ಎಂದು ಕಿವಿ ತಿಂದೆ. ಹೇಳಿದೆ, ಎಲ್ಲ ಹೇಳಿದೆ. ಹದಿನಾಲ್ಕು ವರ್ಷ ನೀಲಿ ಗಾಜಿನಲ್ಲಿ ನೋಡಿ ಕಲಿತದ್ದನ್ನು ನಾಲ್ಕು ನೋಟುಬುಕ್ಕು ತುಂಬಾ ಬರೆದುಕೊಂಡು ಹೋದೆ. ಅದರ ಮೇಲೆ ನಿನ್ನ ವ್ಯವಸ್ಥೆ ಕಟ್ಟಿದೆ. ಈಗ ಅದೇ ಕಣ್ಣು ಬೆಂಕಿ ಬೆಳ್ಳಗಿದೆ ಅಂದರೆ ಅದು ಕಾರಣವಲ್ಲವಂತೆ.

ಫ್ಯಾನಿನ ಮಾತು ಒಪ್ಪುತ್ತೇನೆ. ತಡವಾಯಿತು. ಐದು ಹಿಡಿಕೆಯನ್ನು ಎರಡು ಕೈಯಲ್ಲಿ ಹಿಡಿಯಬೇಕಿತ್ತು. ಆದರೆ ಆ ಹೆಂಟೆ ನಾನು ಬಿಡಿಸಿದ ಮೇಲೆ ಹನ್ನೆರಡು ನಿಮಿಷದಲ್ಲಿ ಬೆಳೆದದ್ದಲ್ಲ. ನಿನ್ನ ಯಂತ್ರ ಎರಡು ಗಂಟೆ ಉಣಿಸಿ ಬೆಳೆಸಿದ್ದು.

ಒಂದೇ ಪ್ರಶ್ನೆ ಕೇಳುತ್ತೇನೆ, ಉತ್ತರ ಕೊಡು. ಕಿಲ್ನಿನೊಳಗೆ ಕಲ್ಲು ಹೆಚ್ಚು ಬೆಂದು ಜಿಗುಟಾದರೆ ಮೋಟರಿಗೆ ಭಾರ ಹೆಚ್ಚುತ್ತದೆ ಎಂದು ನಾನೇ ನಿನಗೆ ಹೇಳಿದ್ದೆ, ಮೊದಲ ನೋಟುಬುಕ್ಕಿನಲ್ಲೇ ಇರಬೇಕು, ತೆಗೆದು ನೋಡು. ಅವತ್ತಿನ ಚಾರ್ಟಿನಲ್ಲಿ ಮೋಟರಿನ ಕರೆಂಟು ಎಷ್ಟಿತ್ತು? ಕೂಲರಿನ ಗಾಳಿ ಎಷ್ಟು ಬಿಸಿಯಿತ್ತು? ಅವೆಲ್ಲ ಬಿಸಿ, ಬಿಸಿ ಎಂದು ಬಡಕೊಳ್ಳುತ್ತಿದ್ದವು. ನಿನ್ನ ದುರ್ಬೀನು ಒಂದೇ ತಣ್ಣಗಿದೆ ಅಂತಿತ್ತು. ಎಲ್ಲರ ಮಾತು ಬಿಟ್ಟು ಅದೊಂದರ ಮಾತು ಯಾಕೆ ಕೇಳಿತು ನಿನ್ನ ಬುದ್ಧಿವಂತ ಯಂತ್ರ?

ಉತ್ತರ ನಿನಗೇ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಅವತ್ತು ಬೆಳಗ್ಗೆ ಪೂಜೆಯ ಹೊತ್ತಿನಲ್ಲಿ ನೀನು ಏನೇನು ಮಾಡಿದೆ ಎಂದು ಕೂತು ನೆನಪು ಮಾಡಿಕೊ.

ನಿನ್ನ ಅನ್ನದಾತರಲ್ಲಿ ಒಬ್ಬನಾದ,
ಗುಡ್ಡಪ್ಪ


ಚಿತ್ರದುರ್ಗ
5 ಡಿಸೆಂಬರ್ 1988

ಗುಡ್ಡಪ್ಪ,

ಸರಿ, ನೀನು ಅಂತಲೇ ಬರೆಯುತ್ತೇನೆ. ನನ್ನ ಮರ್ಯಾದೆ ನಿನಗೆ ಬೇಡವಾಗಿದೆ.

ಉಂಡದ್ದನ್ನು ಎತ್ತಿ ಆಡುವ ಬುದ್ಧಿ ಎಂದಿನಿಂದ ಬಂತು? ಅನ್ನ ಹಾಕಿದವನು ಬೆಂಕಿಯ ಶಾಸ್ತ್ರ ಬಲ್ಲವನಾಗಿಬಿಡುತ್ತಾನೆಯೇ? ನೋಟುಬುಕ್ಕಿನಲ್ಲಿ ಏನಿದೆ ಗೊತ್ತೇ ನಿನಗೆ? "ಮೆಕ್ಕೆಜೋಳದ ಹಳದಿ", "ಹಣ್ಣೆಲೆಯ ಹಳದಿ", "ಬೆಂಕಿಗೆ ಇವತ್ತು ಮನಸ್ಸಿಲ್ಲ". ಇದರಿಂದ ಸಂಖ್ಯೆ ತೆಗೆಯಲು ನಾನು ಪಟ್ಟ ಪಾಡು ನನಗೇ ಗೊತ್ತು. ಕಣ್ಣಂದಾಜಿನಲ್ಲಿ ಕುರಿ ಎಣಿಸಬಹುದು ಕಣಯ್ಯಾ, ಕಿಲ್ನ್ ನಡೆಸಲು ಬರುವುದಿಲ್ಲ.

ಮೋಟರಿನ ಚಾರ್ಟು ತರಿಸಿ ನೋಡಿದೆ. ಕರೆಂಟು ಏರಿದೆ, ನಿಜ. ಆದರೆ ಅದು ಬೇರೆ ಹತ್ತು ಕಾರಣಕ್ಕೂ ಏರುತ್ತದೆ, ಅದಕ್ಕೇ ಅದಕ್ಕೆ ಕಡಿಮೆ ತೂಕ ಕೊಟ್ಟಿದ್ದೆ. ಪೈರೋಮೀಟರು ಬೆಂಕಿಯನ್ನು ನೇರ ನೋಡುವಂಥದ್ದು, ಅದಕ್ಕೇ ಹೆಚ್ಚು ತೂಕ. ಅದು ತಟ್ಟನೆ ಕುಸಿದರೆ, ನಿಮಿಷಕ್ಕೆ ನಲವತ್ತು ಡಿಗ್ರಿಗಿಂತ ಹೆಚ್ಚು ಬಿದ್ದರೆ, ಕೆಟ್ಟಿದೆ ಎಂದು ತಿಳಿದು ಯಂತ್ರ ಅದನ್ನು ಪಕ್ಕಕ್ಕಿಡುತ್ತದೆ. ಅವತ್ತು ಹಾಗೆ ಬಿದ್ದಿಲ್ಲ. ಎರಡು ಗಂಟೆಯಲ್ಲಿ ನಿಧಾನವಾಗಿ ಇಳಿದಿದೆ, ನಿಜವಾಗಿ ಬೆಂಕಿ ತಣ್ಣಗಾಗುವ ಹಾಗೆ.

ಇನ್ನೊಂದು ಮಾತು, ಇದಕ್ಕೆ ನೀನೇ ಉತ್ತರ ಹೇಳಬೇಕು. ಮಾರನೆಯ ದಿನ ತನಿಖೆಯವರು ಆ ಪೈರೋಮೀಟರನ್ನು ಬಿಚ್ಚಿ ನೋಡಿದ್ದಾರೆ. ಮುಂದಿನ ಗಾಜು ಸ್ವಚ್ಛವಾಗಿತ್ತು ಎಂದು ಬರೆದಿದ್ದಾರೆ. ಅಳೆದರೆ ಒಂದು ಡಿಗ್ರಿ ತಪ್ಪಿಲ್ಲ. ಸ್ವಚ್ಛವಾದ ಗಾಜು ಎರಡು ಗಂಟೆ ಸುಳ್ಳು ಹೇಳಿ ಮಾರನೆಯ ದಿನ ಸತ್ಯ ಹೇಳುತ್ತದೆಯೇ? ಸುಳ್ಳು ಹೇಳಿದ್ದು ಗಾಜಲ್ಲ, ನೀನು.

ಪೂಜೆಯ ಹೊತ್ತಿನಲ್ಲಿ ನಾನು ಮಾಡಿದ್ದು ಪೂಜೆ. ಒಗಟು ಹಾಕಬೇಡ. ಇನ್ನು ಬರೆಯಬೇಡ.

ಮುರುಗಪ್ಪ


ಕ್ವಾರ್ಟರ್ಸ್
14 ಡಿಸೆಂಬರ್ 1988

ಮುರುಗಪ್ಪ,

ಮೊದಲು ಕುರಿಯ ಮಾತು. ನನ್ನಪ್ಪ ಕುರಿ ಎಣಿಸುತ್ತಿರಲಿಲ್ಲ. ಸಂಜೆ ಹಟ್ಟಿಗೆ ಬಂದ ಮಂದೆಯನ್ನು ಒಮ್ಮೆ ನೋಡಿ, "ಕಿವಿ ಹರಿದಿದ್ದ ಮರಿ ಬಂದಿಲ್ಲ" ಅನ್ನುತ್ತಿದ್ದ. ಎಣಿಸಿದವನಿಗೆ ಒಂದು ಕಡಿಮೆ ಎಂದು ಗೊತ್ತಾಗುತ್ತದೆ, ಯಾವುದು ಎಂದು ಗೊತ್ತಾಗುವುದಿಲ್ಲ. ನಿನ್ನ ಅರವತ್ತೆರಡರ ಕಥೆಯೂ ಅದೇ. ಇನ್ನೊಮ್ಮೆ ನಮ್ಮ ಕುರಿಯ ಸುದ್ದಿ ಎತ್ತಿದೆಯೋ, ಕಾಗದದಲ್ಲಿ ಅಲ್ಲ, ನಿನ್ನ ಕಾಲೇಜಿನ ಅಂಗಳದಲ್ಲಿ ಉತ್ತರ ಕೊಡುತ್ತೇನೆ.

ಈಗ ಗಾಜಿನ ಮಾತು. ಸ್ವಚ್ಛವಾಗಿತ್ತು, ಯಾಕೆಂದರೆ ಒರೆಸಿದವನು ನಾನು.

ನೀನು ಮರೆತೇ ಬಿಟ್ಟಿದ್ದೀಯ ಎಂದು ನನಗೆ ಇವತ್ತಿನವರೆಗೂ ನಂಬಿಕೆಯಿರಲಿಲ್ಲ. ನಾಟಕ ಆಡುತ್ತಿದ್ದೀಯ ಅಂದುಕೊಂಡಿದ್ದೆ. ಹದಿನಾಲ್ಕು ವರ್ಷದಿಂದ ಕಿಲ್ನಿನ ಕಟ್ಟೆಯ ಮೇಲೆ ಆಯುಧಪೂಜೆಯ ತಟ್ಟೆ ಹಿಡಿಯುವವನು ನಾನು. ಕಿಲ್ನ್ ನಿಲ್ಲಿಸುವಂತಿಲ್ಲ, ಉರಿಯುತ್ತಿರುವಾಗಲೇ ಪೂಜೆ. ವಿಭೂತಿ ಎಲ್ಲಿ ಇಡಬೇಕು, ಎಲ್ಲಿ ಇಡಬಾರದು ನನಗೆ ಗೊತ್ತು: ಕಾಲುಗಂಬಕ್ಕೆ, ಸಲಾಕೆಗೆ, ಪ್ಯಾನಲ್ಲಿನ ಅಂಚಿಗೆ. ಈ ವರ್ಷ ನೀನು ಎಲ್ಲರ ಎದುರಿಗೆ ತಟ್ಟೆಗೆ ಕೈ ಹಾಕಿ ಕಿತ್ತುಕೊಂಡೆ. "ಬಿಡು ಗುಡ್ಡಪ್ಪ, ಇದು ನನ್ನ ಯಂತ್ರ, ಪೂಜೆನೂ ನಂದೇ" ಅಂದೆ. ದೊಡ್ಡತಿಮ್ಮಪ್ಪ ಫಿಟ್ಟರು ನಕ್ಕ. ಮ್ಯಾನೇಜರೂ ನಕ್ಕರು. ನಾನು ಹಿಂದೆ ಸರಿದೆ. ನೀನು ಆ ಪೈರೋಮೀಟರನ್ನು ನಿನ್ನ ಕಡೆ ತಿರುಗಿಸಿಕೊಂಡು, ಕಲಸಿದ ವಿಭೂತಿಯಲ್ಲಿ ಮೂರು ಬೆರಳು ಅದ್ದಿ ಏನೋ ಎಳೆದು, ಮತ್ತೆ ಬೆಂಕಿಯ ಕಡೆ ತಿರುಗಿಸಿದೆ. ನಿನ್ನ ಬೆನ್ನು ನನ್ನ ಕಡೆಗಿತ್ತು. ಕಬ್ಬಿಣದ ಮೇಲೆ ಇಟ್ಟೆ ಎಂದುಕೊಂಡೆ.

ಕಾಟಲಿಂಗಪ್ಪನನ್ನು ವ್ಯಾನಿಗೆ ಹಾಕಿ ಕಳಿಸಿದ ಮೇಲೆ ಹೋಗಿ ಅದನ್ನು ಹೊರಕ್ಕೆ ತಿರುಗಿಸಿದೆ. ಗಾಜಿಗೇ ಮೂರು ಪಟ್ಟೆ! ಹಸಿ ವಿಭೂತಿಗೆ ಸಿಮೆಂಟಿನ ಧೂಳು ಕೂತು, ಕೂತದ್ದೆಲ್ಲ ಗಟ್ಟಿಯಾಗಿತ್ತು. ಟವೆಲ್ಲಿಗೆ ಉಗುಳಿ ಉಜ್ಜಿದೆ, ಹೋಗಲಿಲ್ಲ. ಉಗುರು ಹಾಕಿ ಕೆರೆದೆ.

ನಿನ್ನನ್ನು ಉಳಿಸಲು ಒರೆಸಿದೆ ಎಂದು ಹೇಳಿಕೊಳ್ಳುವಷ್ಟು ದೊಡ್ಡವನಲ್ಲ ನಾನು. ಹೆದರಿಕೆಯಿಂದ ಒರೆಸಿದೆ. ಪೂಜೆ ಎಂದರೆ ಗುಡ್ಡಪ್ಪ ಎಂದು ಇಡೀ ಕಾರ್ಖಾನೆಗೆ ಗೊತ್ತು. ನೋಡಿದವರು ನನ್ನ ಹೆಸರೇ ಹೇಳುತ್ತಿದ್ದರು. ಆಮೇಲೆ ಬಾಯಿ ಬಿಡಲಾಗಲಿಲ್ಲ. ಸಾಕ್ಷಿ ಅಳಿಸಿದವನು ಎಂದರೆ ಅಲ್ಲಿಗೆ ಮುಗಿಯಿತು. ನೀನೇ ಬಂದು ಹೇಳುತ್ತೀಯ ಎಂದು ಎರಡು ವಾರ ಕಾದೆ. ಬಂದದ್ದು ಎಂಟು ಪುಟದ ವರದಿ.

ಟವೆಲ್ಲು ಒಗೆದಿಲ್ಲ, ಇಟ್ಟಿದ್ದೇನೆ. ಈಗ ಹೇಳು, ಸುಳ್ಳು ಹೇಳಿದ್ದು ಗಾಜೋ, ನಾನೋ, ನೀನೋ?

ಗುಡ್ಡಪ್ಪ


ಚಿತ್ರದುರ್ಗ
2 ಜನವರಿ 1989

ಗುಡ್ಡಪ್ಪ,

ನಿನ್ನ ಕಾಗದ ಓದಿ ಹರಿದು ಹಾಕಿದೆ. ಆಮೇಲೆ ಚೂರು ಹೆಕ್ಕಿ ಜೋಡಿಸಿ ಇನ್ನೊಮ್ಮೆ ಓದಿದೆ. ಹೆಂಡತಿ ಅನ್ನಪೂರ್ಣ ಊಟಕ್ಕೆ ಕರೆದರೆ ಅವಳ ಮೇಲೆ ಸುಮ್ಮಸುಮ್ಮನೆ ರೇಗಿದೆ. ಒಂದು ವಾರ ನೀನು ಕಥೆ ಕಟ್ಟಿದ್ದೀಯ ಎಂದೇ ಅಂದುಕೊಂಡೆ, ಹಾಗೆ ಅಂದುಕೊಳ್ಳಲು ಬಹಳ ಪ್ರಯತ್ನಪಟ್ಟೆ.

ಆಮೇಲೆ ಕಾಲೇಜಿನ ಪ್ರಯೋಗಾಲಯದಲ್ಲಿ ಒಂದು ಕುಲುಮೆಯ ಮುಂದೆ ಅಂಥದ್ದೇ ಗಾಜು ನಿಲ್ಲಿಸಿ, ದೇವರ ಗೂಡಿನ ವಿಭೂತಿಯನ್ನೇ ತಗೊಂಡು ಹೋಗಿ, ನೀರಲ್ಲಿ ಕಲಸಿ, ಮೂರು ಬೆರಳಲ್ಲಿ ಎಳೆದೆ. ಎಳೆದ ಕೂಡಲೇ ಕೈಗೆ ನೆನಪು ಬಂತು. ತಲೆಗೆ ಬರದಿದ್ದದ್ದು ಕೈಗೆ ಬಂತು. ಅವತ್ತೂ ಹೀಗೇ ನುಣ್ಣಗೆ ಜಾರಿತ್ತು. ಕಬ್ಬಿಣ ಹಾಗೆ ಜಾರುವುದಿಲ್ಲ.

ಮೇಲೆ ಸಿಮೆಂಟಿನ ಧೂಳು ಹಾರಿಸಿದೆ. ಒದ್ದೆಯಿದ್ದಾಗ ಅಷ್ಟೇನೂ ಆಗಲಿಲ್ಲ. ಒಣಗುತ್ತಾ, ಧೂಳು ಕೂರುತ್ತಾ, ಎರಡು ಗಂಟೆಯಲ್ಲಿ ನೂರ ಮೂವತ್ತು ಡಿಗ್ರಿ ಇಳಿಯಿತು. ಎಷ್ಟು ನಿಧಾನವೆಂದರೆ ನನ್ನ ನಿಮಿಷಕ್ಕೆ ನಲವತ್ತರ ಕಾವಲು ಅದನ್ನು ಕಾಣಲೇ ಇಲ್ಲ. ಚಾರ್ಟಿನ ಗೆರೆ ಅವತ್ತಿನ ಗೆರೆಯ ಪಕ್ಕದಲ್ಲಿಟ್ಟೆ. ಒಂದರ ಮೇಲೊಂದು ಕೂರುತ್ತದೆ.

ಅರವತ್ತೆರಡು ಕೆಡುಕು ಪಟ್ಟಿ ಮಾಡಿದ್ದೆ ಗುಡ್ಡಪ್ಪ. ನನ್ನ ಕೈ ಆ ಪಟ್ಟಿಯಲ್ಲಿ ಇರಲಿಲ್ಲ.

ಇಷ್ಟು ಬರೆದೆ ಎಂದು ಮೀಸೆ ತಿರುವಬೇಡ. ನೀನು ಒರೆಸದೇ ಇದ್ದಿದ್ದರೆ ಮಾರನೆಯ ದಿನವೇ ಎಲ್ಲ ಗೊತ್ತಾಗುತ್ತಿತ್ತು. ನಾನು ಆ ವರದಿಯನ್ನು ಬರೆಯುತ್ತಲೇ ಇರಲಿಲ್ಲ. ನೀನು ಬೇಕೆಂದೇ ನನ್ನನ್ನು ಸುಳ್ಳು ಬರೆಯಲು ಬಿಟ್ಟು ದೂರದಲ್ಲಿ ನಿಂತು ನೋಡಿದೆ. ಈಗ ನಾನು ವಿಚಾರಣೆಯಲ್ಲಿ ನಿಜ ಹೇಳಬೇಕಾದರೆ ನೀನು ಒರೆಸಿದ್ದನ್ನೂ ಹೇಳಬೇಕು. ಅದಿಲ್ಲದೆ ಯಾರೂ ನಂಬುವುದಿಲ್ಲ, ಗಾಜು ಸ್ವಚ್ಛ ಎಂದು ಬರೆದಾಗಿದೆ. ಹೇಳಿದರೆ ನಿನಗೂ ಏಟು. ಹೇಳಲೋ ಬೇಡವೋ, ಮರುಟಪಾಲಿನಲ್ಲಿ ತಿಳಿಸು.

ಮುರುಗಪ್ಪ


ಕ್ವಾರ್ಟರ್ಸ್
7 ಜನವರಿ 1989

ಮುರುಗಪ್ಪ,

ಹೇಳು. ಟವೆಲ್ಲನ್ನೂ ತಂದು ಮೇಜಿನ ಮೇಲೆ ಹಾಕುತ್ತೇನೆ.

ಆದರೆ ವಿಚಾರಣೆಗಿಂತ ಮೊದಲು ಒಂದು ಕೆಲಸ ಮಾಡಬೇಕು. ಕಾಟಲಿಂಗಪ್ಪನನ್ನು ಆಸ್ಪತ್ರೆಯಿಂದ ಬಿಟ್ಟಿದ್ದಾರೆ, ತನ್ನೂರು ಹರಿಯಬ್ಬೆಯ ಮನೆಯಲ್ಲಿದ್ದಾನೆ. ತಿಪ್ಪಕ್ಕನ ಎದುರು ಹೋಗಿ ನಿಂತು ನಿನ್ನ ಬಾಯಿಂದ ಹೇಳು. ಅವಳಿಗೆ ಓದಲು ಬರುವುದಿಲ್ಲ. ಆದ್ದರಿಂದ ಕಾಗದ ಬರೆದು ಕೈತೊಳೆದುಕೊಳ್ಳಲು ಆಗುವುದಿಲ್ಲ. ಬಸ್ಸಿನಲ್ಲಿ ಹೋಗು. ಕಾರ್ಖಾನೆಯ ಜೀಪಿನಲ್ಲಿ ಹೋಗಿ ಇಳಿಯಬೇಡ, ಅವಳಿಗೆ ಅದು ಕಂಡರೆ ಆಗುವುದಿಲ್ಲ.

ನನಗೆ ನಿನ್ನಿಂದ ಬೇಕಾದದ್ದು ಇದೊಂದೇ. ಇದಾದ ಮೇಲೆ ನಿನ್ನ ಮುಖ ನನಗೆ ಬೇಡ.

ಗುಡ್ಡಪ್ಪ


ಚಿತ್ರದುರ್ಗ
30 ಜನವರಿ 1989

ಗುಡ್ಡಪ್ಪ,

ವಿಚಾರಣೆಯಲ್ಲಿ ನಾನು ಏನು ಹೇಳಿದೆ ಎಂದು ನೀನೇ ಕೂತು ಕೇಳಿಸಿಕೊಂಡಿದ್ದೀಯ. ಒಂದೂ ಮುಚ್ಚಿಡಲಿಲ್ಲ. ನೀನೂ ಮುಚ್ಚಿಡಲಿಲ್ಲ. ಹೊರಗೆ ಬಂದಾಗ ನೀನು ನನ್ನನ್ನು ನೋಡದೆ ಹೋದೆ, ಒಳ್ಳೆಯದೇ ಆಯಿತು. ನನ್ನ ಗುತ್ತಿಗೆ ರದ್ದಾಗಿದೆ, ಯಂತ್ರವನ್ನು ಬಿಚ್ಚಿ ಗೋಡೌನಿಗೆ ಹಾಕುತ್ತಾರಂತೆ. ನಿನ್ನನ್ನು ಕಿಲ್ನಿನಿಂದ ತೆಗೆದು ಚೀಲ ತುಂಬುವ ಕಡೆಗೆ ಹಾಕಿದರೆಂದು ಕೇಳಿದೆ.

ಹರಿಯಬ್ಬೆಗೆ ಹದಿನೈದನೇ ತಾರೀಕೇ ಹೋಗಿದ್ದೆ. ಅಲ್ಲಿ ನಡೆದದ್ದನ್ನು ನಿನಗೆ ಬರೆಯಬೇಕೋ ಬೇಡವೋ ಎಂದು ಇಷ್ಟು ದಿನ ಯೋಚಿಸಿದೆ. ಬರೆದರೆ ಸೇಡು ತೀರಿಸಿಕೊಂಡ ಅನ್ನುತ್ತೀಯ. ಬರೆಯದಿದ್ದರೆ ಮತ್ತೆ ಒಂದು ಗಾಜು ಒರೆಸಿದ ಹಾಗಾಗುತ್ತದೆ.

ಕಾಟಲಿಂಗಪ್ಪ ಮಂಚದ ಮೇಲಿದ್ದ. ಎರಡು ಕೈಗೂ ಬಟ್ಟೆ ಸುತ್ತಿತ್ತು. "ಏನ್ ಮುರುಗಣ್ಣ, ಬಲು ದೂರ ಬಂದ್ರಿ, ಕುಂತ್ಕಳ್ರಿ" ಅಂದ. ತಿಪ್ಪಕ್ಕ ಅವನಿಗೆ ಉಣ್ಣಿಸುತ್ತಿದ್ದಳು, ನಿಲ್ಲಿಸಲಿಲ್ಲ. ನಾನು ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ: ತಟ್ಟೆ ಕಿತ್ತುಕೊಂಡದ್ದು, ಮೂರು ಬೆರಳು, ವರದಿ. ನಿಮ್ಮಣ್ಣನದು ತಪ್ಪಿಲ್ಲ, ತಪ್ಪು ನನ್ನದು ಅಂದೆ. ಕೊನೆಯ ತುತ್ತು ಆದಮೇಲೆ ಸೆರಗಿನಲ್ಲಿ ಅವನ ಬಾಯಿ ಒರೆಸಿ ನನ್ನ ಕಡೆ ತಿರುಗಿದಳು.

"ನಮ್ಮಣ್ಣಂಗೆ ಬೆಂಕಿ ಬೆಳ್ಳಗೈತೆ ಅಂತ ಎಷ್ಟೊತ್ತಿಗೆ ಗೊತ್ತಾತು?" ಅಂದಳು.

ಎರಡು ಗಂಟೆಗೆ ಅಂದೆ.

"ಬಿಡ್ಸಿದ್ದು ಎಷ್ಟೊತ್ತಿಗೆ?"

ಎರಡು ನಲವತ್ತಕ್ಕೆ ಅಂದೆ. ನೋಟೀಸು ಇತ್ತು, ಮೆಮೋ ಇತ್ತು, ಅದಕ್ಕೇ ಕಾದ ಎಂದೂ ಹೇಳಿದೆ. ನಿನ್ನ ಪರವಾಗಿಯೇ ಹೇಳಿದೆ, ನಂಬಿದರೆ ನಂಬು, ಬಿಟ್ಟರೆ ಬಿಡು.

ಖಾಲಿ ತಟ್ಟೆಯನ್ನು ಕೆಳಗಿಟ್ಟಳು. ಆಮೇಲೆ ಅಂದಳು: "ನೀವು ಕಾಣ್ದೆ ಮಾಡಿದ್ರಿ ಮುರುಗಣ್ಣ. ಅವನು ಕಂಡೂ ಸುಮ್ಕಿದ್ದ. ನಲವತ್ ನಿಮಿಷ ಅಂದ್ರೆ ಎಲ್ಡ್ ಸಾಲಿನ ಕಳೆ ಮುಗೀತೈತೆ. ನಮ್ಮಣ್ಣ ಕಾಗ್ದಕ್ಕೆ ಹೆದರೋನಲ್ಲ. ಯಾಕ್ ಸುಮ್ಕಿದ್ದ ಕೇಳ್ರಿ."

ಅವಳ ಪರವಾಗಿ ಕೇಳುತ್ತಿದ್ದೇನೆ. ಯಾಕೆ ಸುಮ್ಮನಿದ್ದೆ ಗುಡ್ಡಪ್ಪ?

ಮುರುಗಪ್ಪ


ಕ್ವಾರ್ಟರ್ಸ್
12 ಮಾರ್ಚ್ 1989

ಮುರುಗಪ್ಪ,

ನಿನಗೆ ಬರೆಯಬಾರದು ಅಂದುಕೊಂಡಿದ್ದೆ. ಆದರೆ ಪ್ರಶ್ನೆ ನಿನ್ನ ಕಾಗದದಲ್ಲಿ ಬಂತು, ಉತ್ತರ ನಿನಗೂ ಗೊತ್ತಾಗಬೇಕು. ಮತ್ತೆ ಸುಳ್ಳು ವರದಿ ಬರೆದಿಟ್ಟುಕೊಳ್ಳಬೇಡ.

ನೋಟೀಸಿಗೆ ಹೆದರಿದ್ದು ಅರ್ಧ ನಿಜ. ಇನ್ನರ್ಧ ನಿನಗೆ ಬರೆದಿರಲಿಲ್ಲ. ಕಿಂಡಿಯಲ್ಲಿ ಬೆಳ್ಳಗಿನ ಬೆಂಕಿ ಕಂಡಾಗ ನನಗೆ ಮೊದಲು ಬಂದದ್ದು ಹೆದರಿಕೆಯಲ್ಲ, ಖುಷಿ. ಬೆಳಗ್ಗೆ ಎಲ್ಲರ ಎದುರು ತಟ್ಟೆ ಕಿತ್ತುಕೊಂಡಿದ್ದೆಯಲ್ಲ. ಈಗ ನಿನ್ನ ಯಂತ್ರ ಮುಗ್ಗರಿಸಲಿ, ಎಲ್ಲರೂ ನೋಡಲಿ, ನಕ್ಕವರೇ ಓಡಿ ಬಂದು "ಗುಡ್ಡಪ್ಪ, ಕಾಪಾಡು" ಅನ್ನಲಿ ಎಂದು ಆಸೆಪಟ್ಟೆ. ಯಾರೂ ಬರಲಿಲ್ಲ. ಎಲ್ಲರೂ ಪ್ರಸಾದ ತಿನ್ನುತ್ತಿದ್ದರು. ಬರುತ್ತಾರೆ, ಬರುತ್ತಾರೆ ಎಂದು ನಲವತ್ತು ನಿಮಿಷ ಕಾದೆ. ಇದನ್ನು ನನ್ನ ಹೆಂಡತಿಗೂ ಹೇಳಿರಲಿಲ್ಲ.

ಹೋದ ಭಾನುವಾರ ಹರಿಯಬ್ಬೆಗೆ ಹೋದೆ. ಮಧ್ಯಾಹ್ನ, ಕೆಂಡದಂಥ ಬಿಸಿಲು. ತಿಪ್ಪಕ್ಕ ಬಾಗಿಲಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದಳು. ಹೊಸಿಲಿನ ಹೊರಗೆ ನಿಂತು, ಈಗ ಮೇಲೆ ಬರೆದದ್ದನ್ನೆಲ್ಲ ಅವಳಿಗೆ ಹೇಳಿದೆ. ಖುಷಿ ಅನ್ನುವ ಮಾತನ್ನೂ ನುಂಗಲಿಲ್ಲ. ಅವಳು ಮೊರದಿಂದ ಕಣ್ಣೆತ್ತಲಿಲ್ಲ. ಒಳಗೆ ಕಾಲಿಡಲು ಹೋದರೆ ಮೊರವನ್ನು ಅಡ್ಡ ಹಿಡಿದಳು.

"ಅಲ್ಲೇ ನಿಂತ್ಕ" ಅಂದಳು. ನಾಲ್ಕೂವರೆ ತಿಂಗಳಾದ ಮೇಲೆ ಅವಳ ಬಾಯಿಂದ ನನಗೆ ಬಂದ ಮೊದಲ ಮಾತು. "ನಲವತ್ ನಿಮಿಷ ನಿಂತ್ಕ. ಆಮ್ಯಾಲೆ ಒಳಕ್ ಬಾ."

ನಿಂತೆ. ಅವಳಿಗೆ ಗಡಿಯಾರ ನೋಡಲು ಬರುವುದಿಲ್ಲ. ಒಳಗೆ ಮಂಚದ ಮೇಲಿದ್ದ ಕಾಟಲಿಂಗಪ್ಪ ಗೋಡೆಯ ಗಡಿಯಾರ ನೋಡಿ ಹೇಳುತ್ತಿದ್ದ: "ಹತ್ ಆತು ಕಣೇ." ಆಮೇಲೆ "ಇಪ್ಪತ್ತಾತು." ಪಕ್ಕದ ಮನೆ ಗಂಗಕ್ಕ ಬಂದು ನೋಡಿ ಏನೂ ಕೇಳದೆ ಹೋದಳು. ತಲೆಯ ಮೇಲೆ ಟವೆಲ್ಲು ಹಾಕಿಕೊಳ್ಳಲು ಹೋದೆ, ಅವಳು ನೋಡಿದಳು, ತೆಗೆದೆ. ನಲವತ್ತು ನಿಮಿಷ ಎಷ್ಟು ಉದ್ದ ಎಂದು ನನಗೆ ಅವತ್ತು ಪ್ಯಾನಲ್ಲಿನ ಮುಂದೆ ಗೊತ್ತಾಗಿರಲಿಲ್ಲ. ಮೂವತ್ತನಾಲ್ಕು ಆದಾಗ ಕಾಟಲಿಂಗಪ್ಪ, "ಸಾಕು ಬಿಡೇ, ನಲವತ್ ಆತು" ಎಂದು ಸುಳ್ಳು ಹೇಳಿದ. ಅವಳಿಗೆ ಅವನ ದನಿಯಲ್ಲೇ ಗೊತ್ತಾಯಿತು. "ಆಗಿಲ್ಲ" ಅಂದಳು. ನನಗೂ ಗೊತ್ತಿತ್ತು. ನಾನು ಕದಲಲಿಲ್ಲ.

ಆದ ಮೇಲೆ ಮೊರ ತೆಗೆದು ಪಕ್ಕಕ್ಕಿಟ್ಟಳು. ತಟ್ಟೆಗೆ ಮುದ್ದೆ ಸಾರು ಹಾಕಿ ನನ್ನ ಕೈಗೆ ಕೊಟ್ಟಳು. ನನಗಲ್ಲ, ಅವನಿಗೆ. "ಉಣ್ಣಿಸು" ಅಂದಳು. ಉಣ್ಣಿಸಿದೆ. ಪ್ರತಿ ಭಾನುವಾರ ಬಂದು ಉಣ್ಣಿಸಬೇಕಂತೆ, ಅವನ ಬೆರಳು ಮಡಚಲು ಬರುವವರೆಗೆ. ಡಾಕ್ಟರು ಹೇಳುವ ಪ್ರಕಾರ ಅವು ಇನ್ನು ಮಡಚುವುದಿಲ್ಲ.

ನನ್ನ ಲೆಕ್ಕ ಅವಳು ಹೇಳಿದಳು, ನಾನು ನಿಂತೆ. ನೀನು ಎಷ್ಟು ಹೊತ್ತು ನಿಲ್ಲಬೇಕು ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹರಿಯಬ್ಬೆಗೆ ಬಸ್ಸು ಈಗಲೂ ಇದೆ.

ಗುಡ್ಡಪ್ಪ